ತಕ್ಕಡಿಗೆ ಕಾಣದ ಲೆಕ್ಕ

ಪ್ರತಿವರ್ಷ ಡಿಸೆಂಬರಿನಲ್ಲಿ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗುವುದು ಸಮಾಜ ವಿಜ್ಞಾನದ ಟೀಚರಾದ ನನ್ನ ಪಾಲಿಗೆ ಬಂದ ಕೆಲಸ. ಹರಿಹರದಿಂದ ನಸುಕಿನಲ್ಲಿ ಬಸ್ಸು ಹೊರಟರೆ ಬಿಸಿಲೇರುವ ಮುಂಚೆ ದುರ್ಗ. ಹತ್ತು ವರ್ಷಗಳಿಂದ ನಾನು ಕೆಳಗಿನ ಬಾಗಿಲಲ್ಲೇ ಉಸಿರು ಬಿಡುತ್ತಾ ನಿಂತು, ಮಕ್ಕಳನ್ನು ಪಿ.ಟಿ. ಮೇಷ್ಟರ ಜೊತೆ ಮೇಲೆ ಕಳಿಸಿದವಳು. ಕಳೆದ ಡಿಸೆಂಬರಿನಲ್ಲಿ ಮಾತ್ರ, "ಈ ಸಲ ಓಬವ್ವನ ಕಿಂಡಿಯ ಹತ್ತಿರ ನಾನೇ ನಿಂತು ಪಾಠ ಹೇಳುತ್ತೇನೆ" ಎಂದು ಜಂಬದಿಂದ ಹೇಳಿಕೊಂಡಿದ್ದೆ. ಜಂಬಕ್ಕೆ ಕಾರಣವಿತ್ತು. ಆರು ತಿಂಗಳಲ್ಲಿ ನನ್ನ ತೂಕ 82 ಕಿಲೋದಿಂದ 72ಕ್ಕೆ ಇಳಿದಿತ್ತು.

ಕಿಂಡಿಯ ಬಳಿ ತಗ್ಗಾದ ಒಂದು ಬಂಡೆಯ ಮೇಲೆ ಕೂತು ಕಥೆ ಹೇಳಿದೆ. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯ ಸೈನಿಕರು ಈ ಕಿಂಡಿಯಲ್ಲಿ ನುಸುಳಿ ಬರುವಾಗ, ಕಾವಲುಗಾರನ ಹೆಂಡತಿ ಓಬವ್ವ ಒನಕೆ ಹಿಡಿದು ಒಬ್ಬೊಬ್ಬರನ್ನೇ ಉರುಳಿಸಿದ ಕಥೆ. ಮಕ್ಕಳು ಕಣ್ಣರಳಿಸಿ ಕೇಳಿದರು. ಕಥೆ ಮುಗಿಯಿತು. ಏಳಬೇಕೆಂದು ಕಾಲೂರಿದೆ, ಏಳಲಾಗಲಿಲ್ಲ. ನೋವೇನೂ ಇರಲಿಲ್ಲ. ತೊಡೆಯಲ್ಲಿ ಬಲವೇ ಇರಲಿಲ್ಲ, ಅಷ್ಟೆ. ಮತ್ತೊಮ್ಮೆ ಪ್ರಯತ್ನಪಟ್ಟೆ. ಕೊನೆಗೆ ಎಂಟನೆಯ ತರಗತಿಯ ಒಬ್ಬ ಹುಡುಗಿ, "ಮಿಸ್, ಕೈ ಕೊಡ್ರಿ" ಅಂದಳು. ಅವಳ ಕೈ ಹಿಡಿದು ಎದ್ದೆ. ಎಂಬತ್ತೆರಡು ಕಿಲೋ ಇದ್ದಾಗಲೂ ನಾನು ಇನ್ನೊಬ್ಬರ ಕೈ ಹಿಡಿದು ಎದ್ದವಳಲ್ಲ. ಹಾಗಾದರೆ ಈ ಆರು ತಿಂಗಳಲ್ಲಿ ನಾನು ಕಳೆದುಕೊಂಡದ್ದು ಏನು?

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನನಗೆ ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಜೊತೆಗೆ ಮಂಡಿನೋವು. ಮಾತ್ರೆಗಳಿಗೆ ಸಕ್ಕರೆ ಬಗ್ಗದಿದ್ದಾಗ ಡಾಕ್ಟರು ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ಹೊಸ ಇಂಜೆಕ್ಷನ್ ಬರೆದುಕೊಟ್ಟರು. ಎರಡನೆಯ ವಾರದಲ್ಲೇ ಹಸಿವು ಮನೆ ಬಿಟ್ಟು ಹೋಯಿತು. ಹುಟ್ಟಿದಾಗಿನಿಂದ ಜೊತೆಗಿದ್ದ ಹಸಿವು ಇಲ್ಲವಾದರೆ ಹೇಗಿರುತ್ತದೆ ಎಂದು ಅನುಭವಿಸದವರಿಗೆ ಹೇಳುವುದು ಕಷ್ಟ. ಮದುವೆಮನೆಯಲ್ಲಿ ಹೋಳಿಗೆ ಬಡಿಸಿದರೂ ಮನಸ್ಸು ಹರಿಯದು. ನಾಲ್ಕು ತುತ್ತಿಗೆ ಹೊಟ್ಟೆ ಸಾಕೆನ್ನುವುದು. ಬೆಳಗ್ಗೆ ಒಂದು ಲೋಟ ಕಾಫಿ, ಎರಡು ಬಿಸ್ಕತ್ತು. ಮಧ್ಯಾಹ್ನ ಎರಡು ಚಮಚ ಅನ್ನ, ತಿಳಿಸಾರು. ರಾತ್ರಿ ಮನಸ್ಸಿದ್ದರೆ ಅರ್ಧ ಚಪಾತಿ. ಬೇಳೆ ಬೇಯುವ ವಾಸನೆಗೇ ಹೊಟ್ಟೆ ತೊಳಸಿದಂತಾಗಿ ಅದನ್ನು ಪೂರ್ತಿ ಬಿಟ್ಟೆ. ಸ್ಟಾಫ್ ರೂಮಿನಲ್ಲಿ, "ಮೇಡಂ, ಎಷ್ಟು ಸಣ್ಣ ಆಗೀರಿ!" ಎಂಬ ಮಾತು ಕೇಳಿ ಕೇಳಿ ಕಿವಿ ತಂಪಾಯಿತು. ಟೈಲರು ರವಿಕೆಗಳನ್ನೆಲ್ಲಾ ಹಿಡಿಸಿಕೊಟ್ಟ. ಹೆಣ್ಣಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ, ಹೇಳಿ!

ಮನೆಯಲ್ಲಿ ಮೆಚ್ಚದವಳು ಅವ್ವ ಒಬ್ಬಳೇ. ಅಕ್ಕಿ ಡಬ್ಬಿಯ ಮುಚ್ಚಳ ತೆಗೆಯಲು ನಾನು ಮಗನನ್ನು ಕೂಗಿದ್ದನ್ನು ನೋಡಿ, "ತೂಕ ಇಳಿದ್ರೆ ಏನ್ ಬಂತವ್ವ, ರಟ್ಟೆಯಾಗ ಕಸುವಿಲ್ಲ" ಅಂದಿದ್ದಳು. ಹಳೆಯ ಕಾಲದವಳ ಮಾತೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ದುರ್ಗದಿಂದ ಬಂದ ಮೇಲೆ ಇನ್ನೊಬ್ಬ ಡಾಕ್ಟರಮ್ಮನಲ್ಲಿಗೆ ಹೋದೆ. ಆಕೆ ತೂಕ ನೋಡಲೇ ಇಲ್ಲ. ಒಂದು ಕುರ್ಚಿ ತೋರಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡೋಣ ಎಂದರು. ಏಳು ಸಲ ಆಯಿತು. ನನ್ನ ವಯಸ್ಸಿಗೆ ಹನ್ನೆರಡಾದರೂ ಆಗಬೇಕಂತೆ. "ನೀವು ಬರೀ ಕೊಬ್ಬು ಕಳೆದುಕೊಂಡಿಲ್ಲ, ಸ್ನಾಯುವನ್ನೂ ಕಳೆದುಕೊಂಡಿದ್ದೀರಿ. ತಕ್ಕಡಿಗೆ ಎರಡೂ ಒಂದೇ. ನಿಮಗೆ ಒಂದಲ್ಲ" ಎಂದರು.

ಇದನ್ನು ಮೊದಲೇ ನನಗೆ ಯಾರೂ ಹೇಳಿರಲಿಲ್ಲ. ಸಿಟ್ಟು ಬಂತು. ಆದರೆ ಇತಿಹಾಸ ಓದಿದವಳಿಗೆ ಸಿಟ್ಟಿನ ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ. ಈ ಸಂಗತಿ ಜಗತ್ತಿಗೆ ಗೊತ್ತಾದದ್ದು ಯಾವಾಗ? ಬೆಂಗಳೂರಿನಲ್ಲಿರುವ ಮಗಳು ಹುಡುಕಿ ತಂದುಕೊಟ್ಟದ್ದನ್ನೆಲ್ಲಾ ನಿಘಂಟು ಹಿಡಿದುಕೊಂಡು ಓದಿದೆ. ಓದಿದಾಗ ತಿಳಿದದ್ದು, ಇದು ಹೊಸ ಸಂಗತಿಯೇ ಅಲ್ಲ. ನೂರು ವರ್ಷಕ್ಕೂ ಹಿಂದೆ ಗೊತ್ತಾಗಿ, ಆಮೇಲೆ ಮತ್ತೆ ಮತ್ತೆ ಮರೆತುಹೋದ ಪಾಠ.

1912ರಲ್ಲಿ ಅಮೆರಿಕದ ಬೋಸ್ಟನ್ ನಗರದ ಒಂದು ಪ್ರಯೋಗಾಲಯದಲ್ಲಿ ಫ್ರಾನ್ಸಿಸ್ ಬೆನೆಡಿಕ್ಟ್ ಎಂಬ ವಿಜ್ಞಾನಿ ಒಬ್ಬ ಮನುಷ್ಯನನ್ನು 31 ದಿನ ಬರೀ ನೀರಿನ ಮೇಲೆ ಇಟ್ಟು ಪರೀಕ್ಷಿಸಿದ. ಆ ಮನುಷ್ಯ ಮಾಲ್ಟಾ ದ್ವೀಪದಿಂದ ತಾನಾಗಿಯೇ ಬಂದಿದ್ದ ಲೆವಾಂಜಿನ್. ತಿಂಗಳಲ್ಲಿ ಅವನು ಸುಮಾರು 13 ಕಿಲೋ ಇಳಿದ. ಬೆನೆಡಿಕ್ಟ್ ತೂಕವನ್ನಷ್ಟೇ ನೋಡಲಿಲ್ಲ; ಪ್ರತಿದಿನ ಅವನ ಮೂತ್ರದಲ್ಲಿನ ಸಾರಜನಕವನ್ನೂ ಅಳೆದ. ಸಾರಜನಕ ಇರುವುದು ಪ್ರೋಟೀನಿನಲ್ಲಿ, ಕೊಬ್ಬಿನಲ್ಲಲ್ಲ. ಊಟವೇ ಇಲ್ಲದವನ ಮೂತ್ರದಲ್ಲಿ ದಿನವೂ ಸಾರಜನಕ ಹೋಗುತ್ತಿದೆಯೆಂದರೆ ಅವನ ಮೈಯ ಪ್ರೋಟೀನೇ ಕರಗುತ್ತಿದೆ ಎಂದು ಅರ್ಥ.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಕೊಬ್ಬು ಎಂದರೆ ಹಗೇವಿನಲ್ಲಿ ತುಂಬಿಟ್ಟ ಜೋಳ. ಬರಗಾಲಕ್ಕೆಂದೇ ಇಟ್ಟದ್ದು. ಆದರೆ ಪ್ರೋಟೀನಿಗೆ ದೇಹದಲ್ಲಿ ಬೇರೆ ಹಗೇವಿಲ್ಲ. ಊಟದಿಂದ ಬಾರದಿದ್ದರೆ ಅದು ಸ್ನಾಯುವಿನಿಂದಲೇ ಬರಬೇಕು. ಬರದಲ್ಲಿ ಬಿತ್ತನೆಯ ಬೀಜವನ್ನೂ ಕುಟ್ಟಿ ತಿಂದ ಹಾಗೆ.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944ರ ನವೆಂಬರಿನಿಂದ, ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಇನ್ನೊಂದು ಪ್ರಯೋಗ ನಡೆಸಿದ. ಯುದ್ಧ ಮಾಡುವುದಿಲ್ಲವೆಂದು ಆತ್ಮಸಾಕ್ಷಿಯಿಂದ ನಿರಾಕರಿಸಿದ 36 ಮಂದಿ ಯುವಕರು, ಯುರೋಪಿನಲ್ಲಿ ಹಸಿದವರಿಗೆ ಉಪಕಾರವಾಗಲಿ ಎಂದು ತಾವೇ ಮುಂದೆ ಬಂದರು. 24 ವಾರ ಅವರಿಗೆ ಸಿಕ್ಕಿದ್ದು ಅರೆಹೊಟ್ಟೆ: ಆಲೂಗಡ್ಡೆ, ಬ್ರೆಡ್ಡು, ಗೆಡ್ಡೆಗಳು. ಜೊತೆಗೆ ವಾರಕ್ಕೆ 35 ಕಿಲೋಮೀಟರು ನಡಿಗೆ. ಮೈತೂಕದ ಕಾಲುಭಾಗ ಇಳಿಯಿತು. ಕಸುವೂ ಇಳಿಯಿತು. ನಡಿಗೆಯೊಂದೇ ಅವರ ಸ್ನಾಯುವನ್ನು ಕಾಯಲಿಲ್ಲ ಎಂಬುದನ್ನು ದಿನಾ ವಾಕಿಂಗ್ ಹೋಗುವ ನಾವು ಗಮನಿಸಬೇಕು. ಮತ್ತೆ ಹೊಟ್ಟೆತುಂಬ ಊಟ ಸಿಕ್ಕಾಗ ನಡೆದದ್ದು ಇನ್ನೂ ಮುಖ್ಯ. ಕೊಬ್ಬು ಬೇಗ ಮರಳಿ ಬಂತು, ಮೊದಲಿಗಿಂತ ಹೆಚ್ಚಾಗಿಯೇ ಬಂತು. ಸ್ನಾಯು ನಿಧಾನವಾಗಿ, ಹಿಂದೆ ಉಳಿದು ಬಂತು. ಈ ವಿವರವೆಲ್ಲಾ 1950ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಪ್ರಕಟವಾಯಿತು.

ಇಷ್ಟೆಲ್ಲಾ ಗೊತ್ತಿದ್ದೂ ತೂಕ ಇಳಿಸುವ ಔಷಧಗಳ ಚರಿತ್ರೆ ಬೇರೆ ದಾರಿ ಹಿಡಿಯಿತು. 1933ರಲ್ಲಿ ಅಮೆರಿಕದಲ್ಲಿ ಡೈನೈಟ್ರೋಫಿನಾಲ್ ಎಂಬ ರಾಸಾಯನಿಕ ಬಂತು. ಅದು ಮೈಯೊಳಗೆ ಬೆಂಕಿ ಹಚ್ಚಿದಂತೆ ಕೊಬ್ಬು ಕರಗಿಸುತ್ತಿತ್ತು. ಕೆಲವರ ಕಣ್ಣು ಹೋಯಿತು, ಕೆಲವರ ಪ್ರಾಣವೇ ಹೋಯಿತು. 1938ರ ಹೊಸ ಕಾನೂನಿನೊಂದಿಗೆ ಅದು ನಿಂತಿತು. ಆಮೇಲೆ ಹಸಿವು ಕೊಲ್ಲುವ ಆಂಫೆಟಮಿನ್ ಮಾತ್ರೆಗಳ ಕಾಲ. 1950, 60ರ ದಶಕಗಳಲ್ಲಿ ಬಣ್ಣಬಣ್ಣದ ಮಾತ್ರೆಗಳನ್ನು ಅಲ್ಲಿ ನುಂಗಿದವರಲ್ಲಿ ಹೆಚ್ಚಿನವರು ಹೆಂಗಸರು. ಚಟವಾಯಿತು, ನಿದ್ದೆ ಹೋಯಿತು, ಎದೆ ಕೆಟ್ಟಿತು. 1990ರ ದಶಕದಲ್ಲಿ ಫೆನ್‌ಫ್ಲುರಮಿನ್ ಮತ್ತು ಫೆಂಟರ್ಮಿನ್ ಜೋಡಿ. ಹೃದಯದ ಕವಾಟಗಳು ಕೆಡುತ್ತವೆಂದು 1997ರಲ್ಲಿ ಫೆನ್‌ಫ್ಲುರಮಿನ್‌ ಅನ್ನು ಹಿಂದಕ್ಕೆ ಪಡೆದರು. ಸಿಬುಟ್ರಮಿನ್ ನಮ್ಮ ದೇಶದಲ್ಲೂ ಮಾರಾಟವಾಗುತ್ತಿತ್ತು. 2011ರಲ್ಲಿ ಇಲ್ಲಿ ನಿಷೇಧವಾಯಿತು. ಈ ಔಷಧಗಳು ಬೇರೆ ಬೇರೆ ಇರಬಹುದು. ಆದರೆ ಎಲ್ಲವನ್ನೂ ಗೆದ್ದಿತೆಂದು ಹೇಳಿದ್ದು ಒಂದೇ ಸಾಕ್ಷಿ, ತಕ್ಕಡಿಯ ಮುಳ್ಳು.

ಸ್ನಾಯು ಉಳಿಸಬೇಕೆಂದು ಹೊರಟವರೂ ಇದ್ದರು. 1970ರ ದಶಕದಲ್ಲಿ ಬೋಸ್ಟನ್ನಿನ ಜಾರ್ಜ್ ಬ್ಲ್ಯಾಕ್‌ಬರ್ನ್ ಎಂಬ ವೈದ್ಯರು ಉಪವಾಸದ ಜೊತೆಗೆ ಒಳ್ಳೆಯ ಪ್ರೋಟೀನು ಕೊಟ್ಟರೆ ಸ್ನಾಯುವಿನ ನಷ್ಟ ಕಡಿಮೆಯಾಗುತ್ತದೆಂದು ತೋರಿಸಿದರು. ಅದು ವೈದ್ಯರ ಕಣ್ಣೆದುರೇ ನಡೆಯಬೇಕಾದ ಚಿಕಿತ್ಸೆ. ಅದರ ಹೆಸರು ಕೇಳಿದ ವ್ಯಾಪಾರಿಗಳು ದನದ ಚರ್ಮ, ನರಗಳಿಂದ ತೆಗೆದ ಅಗ್ಗದ ಪ್ರೋಟೀನಿಗೆ ಬಣ್ಣ, ರುಚಿ ಸೇರಿಸಿ ಬಾಟಲಿಯಲ್ಲಿ ಮಾರಿದರು. ಜನ ತಿಂಗಳುಗಟ್ಟಲೆ ಅದೊಂದನ್ನೇ ಕುಡಿದರು. 1978ರ ಹೊತ್ತಿಗೆ 50ಕ್ಕೂ ಹೆಚ್ಚು ಸಾವುಗಳು ವರದಿಯಾದವು. ಹೆಚ್ಚಿನವರು ಹೆಂಗಸರು, ಹಲವರು ಇದ್ದಕ್ಕಿದ್ದಂತೆ ಹೃದಯ ನಿಂತು ಹೋದವರು. ಹೃದಯವೂ ಒಂದು ಸ್ನಾಯುವೇ ಅಲ್ಲವೇ? ಪ್ರೋಟೀನು ಎಂದು ಬಾಟಲಿಯ ಮೇಲೆ ಬರೆದದ್ದೆಲ್ಲಾ ಮೈಗೆ ಒಗ್ಗುವ ಪ್ರೋಟೀನಲ್ಲ, ಅದೊಂದರಿಂದಲೇ ಬದುಕಲೂ ಆಗುವುದಿಲ್ಲ ಎಂಬ ಪಾಠಕ್ಕೆ ಅಷ್ಟು ಬೆಲೆ ತೆರಬೇಕಾಯಿತು.

ಇನ್ನು ನಾನು ಚುಚ್ಚಿಕೊಳ್ಳುವ ಔಷಧದ ವಂಶಾವಳಿ. ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ. 1980ರ ದಶಕದಲ್ಲಿ ಬೋಸ್ಟನ್ನಿನಲ್ಲಿ ಜೋಯೆಲ್ ಹಬೆನರ್, ಸ್ವೆಟ್ಲಾನಾ ಮೊಯ್ಸೋವ್, ಕೋಪನ್‌ಹೇಗನ್ನಿನಲ್ಲಿ ಯೆನ್ಸ್ ಹೋಲ್ಸ್ಟ್ ಇದರ ಗುಣ ಕಂಡುಹಿಡಿದರು. ಸಕ್ಕರೆಯನ್ನು ಹಿಡಿತಕ್ಕೆ ತರುತ್ತದೆ, ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಸುತ್ತದೆ. ಆದರೆ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. 1992ರಲ್ಲಿ ಜಾನ್ ಎಂಗ್ ಎಂಬ ವಿಜ್ಞಾನಿ ಅಮೆರಿಕದ ಮರುಭೂಮಿಯ ಗಿಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಇದನ್ನೇ ಹೋಲುವ, ಬೇಗ ಕರಗದ ವಸ್ತುವನ್ನು ಕಂಡ. ಅದರಿಂದ ಬಂದ ಔಷಧಕ್ಕೆ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆ ದಾರಿಯಲ್ಲಿ ಮುಂದೆ ಬಂದವು ಲಿರಾಗ್ಲುಟೈಡ್, ಸೆಮಾಗ್ಲುಟೈಡ್, ಟಿರ್ಜೆಪಟೈಡ್. ಭಾರತದಲ್ಲಿ ಮೌಂಜಾರೋ 2025ರ ಮಾರ್ಚಿನಲ್ಲೂ, ವೆಗೋವಿ ಅದೇ ವರ್ಷದ ಜೂನಿನಲ್ಲೂ ಬಂದವು. ಹಲ್ಲಿ ಶಕುನ ನುಡಿಯುತ್ತದೆಂದು ಕೇಳಿದ್ದೆ. ಸಕ್ಕರೆ ಕಾಯಿಲೆಗೆ ದಾರಿ ತೋರಿಸುತ್ತದೆಂದು ಗೊತ್ತಿರಲಿಲ್ಲ.

ಈ ಔಷಧವನ್ನು ಹಿಂದಿನವುಗಳ ಸಾಲಿಗೆ ಸೇರಿಸಿ ಬೈಯಲಾರೆ. ನನ್ನ ಸಕ್ಕರೆಯನ್ನು ಅದು ಹತೋಟಿಗೆ ತಂದಿದೆ, ಮಂಡಿಗೆ ಆರಾಮ ಕೊಟ್ಟಿದೆ. ಅದು ಸ್ನಾಯುವನ್ನು ತಾನೇ ತಿನ್ನುತ್ತದೆಂದೂ ಅಲ್ಲ. ಹಸಿವನ್ನು ಅಡಗಿಸುತ್ತದೆ, ನಾವು ಕಡಿಮೆ ತಿನ್ನುತ್ತೇವೆ, ಉಳಿದದ್ದು 1912ರ ಕಥೆಯೇ. 2021ರಲ್ಲಿ ಪ್ರಕಟವಾದ ಸೆಮಾಗ್ಲುಟೈಡಿನ ದೊಡ್ಡ ಪರೀಕ್ಷೆಯಲ್ಲಿ 1,961 ಜನರಿದ್ದರು. ಔಷಧ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಸುಮಾರು 15 ಪರ್ಸೆಂಟ್ ಇಳಿಯಿತು. ಪರೀಕ್ಷೆಯಲ್ಲಿದ್ದವರ ಪೈಕಿ 140 ಜನರ ಮೈಯನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಔಷಧ ಪಡೆದವರಲ್ಲಿ ಇಳಿದ ತೂಕದಲ್ಲಿ ಸುಮಾರು 40 ಪರ್ಸೆಂಟ್ ಕೊಬ್ಬಲ್ಲದ್ದು. ಟಿರ್ಜೆಪಟೈಡಿನ ಪರೀಕ್ಷೆಯಲ್ಲಿ ಇದು ಸುಮಾರು ಕಾಲುಭಾಗ. ಕೊಬ್ಬಲ್ಲದ್ದೆಲ್ಲಾ ಸ್ನಾಯುವಲ್ಲ, ಅದರಲ್ಲಿ ನೀರೂ ಬೇರೆ ಅಂಗಗಳೂ ಸೇರಿವೆ. ಆದರೂ ನಾನು ಕಳೆದುಕೊಂಡ 10 ಕಿಲೋದಲ್ಲಿ ಮೂರ್ನಾಲ್ಕು ಕಿಲೋ ಯಾವುದು ಎಂದು ಯೋಚಿಸಿದಾಗ ದುರ್ಗದ ಬಂಡೆ ನೆನಪಾಯಿತು. ಔಷಧ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂತೆಂದು 2022ರ ವರದಿ. ಮಿನೆಸೋಟದ ಯುವಕರ ಕಥೆ ಗೊತ್ತಿರುವವರಿಗೆ, ಮರಳಿ ಬರುವುದರಲ್ಲಿ ಯಾವುದು ಮುಂದಿರುತ್ತದೆ ಎಂಬ ಭಯ ಸಹಜ.

ನಮಗೆ ಈ ಭಯ ಇನ್ನೂ ಹೆಚ್ಚಿರಬೇಕು. ಪುಣೆಯ ವೈದ್ಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನು ಅಕ್ಕಪಕ್ಕದಲ್ಲಿಟ್ಟು ಒಂದು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ ಒಂದೇ, 22.3. ಯುಡ್ಕಿನ್‌ರ ಮೈಯಲ್ಲಿ ಕೊಬ್ಬು 9.1 ಪರ್ಸೆಂಟ್, ನಮ್ಮ ಯಾಜ್ಞಿಕರದು 21.2. ಭಾರತೀಯರು ಸಣ್ಣಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳಲಾಗದು. ಅದರ ಮೇಲೆ ಮುಟ್ಟು ನಿಂತ ನಂತರ ಹೆಂಗಸರಿಗೆ ಮೂಳೆ, ಸ್ನಾಯು ಎರಡೂ ಇಳಿಯುತ್ತವೆ. ಸಣ್ಣ ಗಂಟಿನವರು ಖರ್ಚು ಮಾಡುವಾಗ ಎಚ್ಚರವಾಗಿರಬೇಕಲ್ಲವೇ?

ಸಮಾಧಾನದ ಮಾತೂ ಇದೆ. 1990ರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಬೋಸ್ಟನ್ನಿನ ಒಂದು ವೃದ್ಧಾಶ್ರಮದ ಹತ್ತು ಮಂದಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅವರ ವಯಸ್ಸು ಎಷ್ಟೆಂದುಕೊಂಡಿರಿ? 86ರಿಂದ 96! ಎಂಟು ವಾರ ಪೂರೈಸಿದವರ ಕಾಲಿನ ಬಲ ಸರಾಸರಿ 174 ಪರ್ಸೆಂಟ್ ಹೆಚ್ಚಿತು; ತೊಡೆಯ ಸ್ನಾಯುವೂ ದಪ್ಪವಾಯಿತು. 2017ರಲ್ಲಿ ತೂಕ ಇಳಿಸುತ್ತಿದ್ದ 65 ದಾಟಿದವರನ್ನು ಗುಂಪು ಮಾಡಿ ನೋಡಿದರು. ನಡಿಗೆಯಂಥ ವ್ಯಾಯಾಮ ಮಾತ್ರ ಮಾಡಿದವರು ಕೊಬ್ಬಲ್ಲದ ತೂಕವನ್ನು 5 ಪರ್ಸೆಂಟ್ ಕಳೆದುಕೊಂಡರೆ, ಭಾರ ಎತ್ತಿದವರು ಕಳೆದುಕೊಂಡದ್ದು 2 ಮಾತ್ರ. ಎರಡನ್ನೂ ಮಾಡಿದವರ ಒಟ್ಟು ಚೈತನ್ಯ ಎಲ್ಲರಿಗಿಂತ ಹೆಚ್ಚು ಸುಧಾರಿಸಿತು. 2021ರ ಕೋಪನ್‌ಹೇಗನ್ ವರದಿ ಇನ್ನೂ ಹತ್ತಿರದ್ದು: ಲಿರಾಗ್ಲುಟೈಡ್ ಮತ್ತು ವ್ಯಾಯಾಮ ಎರಡನ್ನೂ ವರ್ಷವಿಡೀ ಜೊತೆಗಿಟ್ಟುಕೊಂಡವರಲ್ಲಿ ಕೊಬ್ಬು ಹೆಚ್ಚು ಹೋಗಿ ಸ್ನಾಯು ಉಳಿಯಿತು.

ಭಾರ ಎತ್ತುವುದು ನಮಗೆ ಹೊಸತೇ? ಒರಳು, ಬೀಸುಕಲ್ಲು, ಬಾವಿಯ ಕೊಡ ಬಿಟ್ಟು ನಲವತ್ತು ವರ್ಷ ಆಗಿಲ್ಲ. ಓಬವ್ವ ಅಂದು ಎತ್ತಿದ್ದು ಕತ್ತಿಯನ್ನಲ್ಲ. ದಿನಾ ಎತ್ತಿ ಎತ್ತಿ ರಟ್ಟೆಗೆ ಅಭ್ಯಾಸವಾಗಿದ್ದ ಒನಕೆಯನ್ನು. ಹಾಗೆಂದು ಆ ಕಾಲವೇ ಚೆಂದ ಎನ್ನಲಾರೆ. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಂಡು, ಐವತ್ತಕ್ಕೇ ಬೆನ್ನು ಬಾಗಿದ ಎಷ್ಟೋ ಹೆಂಗಸರನ್ನು ನಾನೇ ಕಂಡಿದ್ದೇನೆ. ದುಡಿತ ಹೋದದ್ದು ಒಳ್ಳೆಯದೇ. ಆದರೆ ಅದರ ಜಾಗಕ್ಕೆ ವ್ಯಾಯಾಮ ಬರಲಿಲ್ಲ, ಏಕೆಂದರೆ ಗರಡಿಮನೆ ಗಂಡಸರದ್ದು ಎಂದುಕೊಂಡೆವು. ಕೆ.ವಿ. ಅಯ್ಯರ್ ಅವರ 'ಶಾಂತಲಾ' ಕಾದಂಬರಿಯನ್ನು ಓದಿ ಕಣ್ಣೀರಿಟ್ಟ ನಮ್ಮ ತಲೆಮಾರಿನ ಎಷ್ಟು ಹೆಂಗಸರಿಗೆ, ಅವರು ಬೆಂಗಳೂರಿನಲ್ಲಿ ಹೆಸರಾಂತ ವ್ಯಾಯಾಮಶಾಲೆ ನಡೆಸಿದವರೆಂಬುದು ಗೊತ್ತು? ಪುಸ್ತಕವನ್ನು ತೆಗೆದುಕೊಂಡೆವು, ವ್ಯಾಯಾಮವನ್ನು ಬಿಟ್ಟೆವು.

ಈಗ ನಾನು ಮಾಡುತ್ತಿರುವುದು ಇಷ್ಟು. ವಾರಕ್ಕೆ ಮೂರು ದಿನ, ಕುರ್ಚಿಯಿಂದ ಕೈ ಊರದೆ ಹತ್ತು ಹತ್ತು ಸಲ ಏಳುವುದು. ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು. ನೀರು ತುಂಬಿದ ಎರಡು ಲೀಟರಿನ ಬಾಟಲಿಗಳನ್ನು ಎತ್ತಿ ಇಳಿಸುವುದು. ಸುಲಭವಾಯಿತೆಂದರೆ ಭಾರ ಸ್ವಲ್ಪ ಹೆಚ್ಚಿಸುವುದು, ಗುಟ್ಟು ಇರುವುದು ಅಲ್ಲೇ. ಊಟದಲ್ಲಿ ತಟ್ಟೆಯ ಕ್ರಮ ಬದಲಾಗಿದೆ. ನಾಲ್ಕೇ ತುತ್ತು ಹಿಡಿಯುವ ಹೊಟ್ಟೆಗೆ ಮೊದಲ ತುತ್ತು ಅನ್ನದ್ದಾಗಬಾರದು. ಮೊದಲು ಗಟ್ಟಿ ಬೇಳೆ, ಮೊಳಕೆ ಕಾಳಿನ ಪಲ್ಯ, ಪನೀರು ಅಥವಾ ಸೋಯಾ. ಜೊತೆಗೆ ಮೊಸರು, ಶೇಂಗಾ ಚಟ್ನಿ. ಆಮೇಲೆ ಜಾಗ ಉಳಿದರೆ ರೊಟ್ಟಿ, ಅನ್ನ. ಆರೋಗ್ಯವಂತರಿಗೆ ದಿನಕ್ಕೆ ಮೈತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನು ಬೇಕೆಂದು ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. 72 ಕಿಲೋದವಳಿಗೆ ಸುಮಾರು 60 ಗ್ರಾಂ. ತೂಕ ಇಳಿಸುವಾಗ ಇನ್ನೂ ಹೆಚ್ಚು ಬೇಕೆಂದು ಡಾಕ್ಟರಮ್ಮ ನನ್ನ ಮೂತ್ರಪಿಂಡದ ಪರೀಕ್ಷೆ ಮಾಡಿಸಿ, ಕಿಲೋಗೆ 1.2 ಗ್ರಾಂ ಎಂದು ಬರೆದುಕೊಟ್ಟರು. ಸಕ್ಕರೆ ಕಾಯಿಲೆಯವರು ಈ ಪರೀಕ್ಷೆಯಿಲ್ಲದೆ ತಾವೇ ಹೆಚ್ಚಿಸಿಕೊಳ್ಳಬಾರದು. 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ, ಒಂದು ಹಿಡಿ ಅಂದರೆ 30 ಗ್ರಾಂ ಬೇಳೆಯಲ್ಲಿ ಸುಮಾರು 7, ಅಷ್ಟೇ ತೂಕದ ಸೋಯಾದಲ್ಲಿ ಸುಮಾರು 15; ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6. ತಿಳಿಸಾರು ಬಿಸ್ಕತ್ತಿನ ಆ ಆರು ತಿಂಗಳಲ್ಲಿ ನನಗೆ ಸಿಕ್ಕಿದ್ದು ದಿನಕ್ಕೆ 30 ಗ್ರಾಂ ಕೂಡ ಇರಲಿಲ್ಲ. ಹಸಿವಾಗಿದ್ದರೆ ಮೈ ತಾನೇ ಕೇಳುತ್ತಿತ್ತು. ಕೇಳುವ ಬಾಯನ್ನು ಔಷಧ ಮುಚ್ಚಿದ ಮೇಲೆ ಲೆಕ್ಕವಿಟ್ಟು ಕೊಡಬೇಕಾದವಳು ನಾನು.

ಹಾಜರಿ ಪುಸ್ತಕದಂಥ ಒಂದು ನೋಟುಬುಕ್ಕಿನಲ್ಲಿ ಈಗ ಎರಡು ಕಾಲಂ ಹಾಕಿದ್ದೇನೆ. ಒಂದರಲ್ಲಿ ತೂಕ, ಇನ್ನೊಂದರಲ್ಲಿ 30 ಸೆಕೆಂಡಿಗೆ ಎಷ್ಟು ಸಲ ಎದ್ದೆ ಎಂಬುದು. ತೂಕದ ಕಾಲಂ ಈಗ ನಿಧಾನವಾಗಿದೆ. ಕಳೆದ ತಿಂಗಳು ಅರ್ಧ ಕಿಲೋ ಏರಿತು ಕೂಡ. "ಯಾಕೆ ಮೇಡಂ, ಮತ್ತೆ ತುಂಬಿಕೊಂಡಂಗೆ ಕಾಣ್ತೀರಿ" ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಅಂದರು. ಮೊದಲಾಗಿದ್ದರೆ ಆ ರಾತ್ರಿ ಊಟ ಬಿಡುತ್ತಿದ್ದೆ. ಈಗ ಎರಡನೆಯ ಕಾಲಂ ನೋಡಿಕೊಂಡೆ. ಏಳು ಇದ್ದದ್ದು ಹದಿಮೂರಾಗಿದೆ. ಅಕ್ಕಿ ಡಬ್ಬಿಯ ಮುಚ್ಚಳ ನಾನೇ ತೆಗೆಯುತ್ತೇನೆ. ಅವ್ವ ನೋಡಿದಳು, ಏನೂ ಅನ್ನಲಿಲ್ಲ, ಒಂದು ಹಿಡಿ ಹುರಿಗಡಲೆ ನನ್ನ ಕೈಗೆ ಹಾಕಿ ಹೋದಳು.

ಈ ವರ್ಷದ ಪ್ರವಾಸಕ್ಕೆ ಹೆಸರು ಕೊಡುವವರ ಪಟ್ಟಿಯನ್ನು ಹೆಡ್‌ಮಾಸ್ಟರು ಮೊನ್ನೆ ಕಳಿಸಿದರು. ದುರ್ಗಕ್ಕೆ ಮಕ್ಕಳ ಜೊತೆ ಮೇಲೆ ಹತ್ತುವ ಟೀಚರ ಸಾಲಿನಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದ್ದೇನೆ.